ಮನೆಯಲ್ಲೇ ಕಟ್ಟುವ ಪವರ್ ಸಪ್ಲೈಗೆ ವೋಲ್ಟೇಜ್ ಕಂಟ್ರೋಲ್: ಯಾವುದನ್ನು ಆರಿಸಬೇಕು?

ಲೀನಿಯರ್ ಪವರ್ ಸಪ್ಲೈ ಕಟ್ಟುವುದು ಅಂಥ ಕಷ್ಟದ ಕೆಲಸವೇನಲ್ಲ. ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ದೊಡ್ಡ ಕೆಪಾಸಿಟರ್, ಒಂದು ರೆಗ್ಯುಲೇಟರ್ ಐಸಿ ಇದ್ದರೆ ಒಂದು ಭಾನುವಾರ ಸಾಕು. ಗೊಂದಲ ಶುರುವಾಗುವುದು ಮುಂದಿನ ಪ್ಯಾನೆಲ್ ಹತ್ತಿರ ಬಂದಾಗ. ವೋಲ್ಟೇಜ್ ಹೆಚ್ಚು ಕಡಿಮೆ ಮಾಡಲು ಅಲ್ಲಿ ಏನು ಕೂರಿಸಬೇಕು? ಸಾಮಾನ್ಯ ಪಾಟ್ (ತಿರುಗಿಸಿದರೆ ರೆಸಿಸ್ಟೆನ್ಸ್ ಬದಲಾಗುವ ಪೊಟೆನ್ಷಿಯೋಮೀಟರ್) ಸಾಕಾ, ಹತ್ತು ಸುತ್ತಿನದು ಬೇಕಾ, ರೋಟರಿ ಸ್ವಿಚ್ ಒಳ್ಳೆಯದಾ, ಇಲ್ಲಾ ಆಪ್-ಆಂಪ್ (ಸಣ್ಣ ಸಿಗ್ನಲ್ ಹಿಗ್ಗಿಸುವ ಐಸಿ) ಹಾಕಿ ಸೊನ್ನೆಯಿಂದಲೇ ಶುರು ಮಾಡಬೇಕಾ?

ಹೆಚ್ಚಿನವರು ಮೊದಲು ಕೇಳುವುದು "ಎಷ್ಟು ವೋಲ್ಟ್‌ವರೆಗೆ ಹೋಗುತ್ತೆ?" ಅಂತ. ನಾನು ಮೊದಲು ಕೇಳುವುದು ಬೇರೆ. ಪಾಟ್ ಕೈಕೊಟ್ಟರೆ, ಅಥವಾ ಅದರ ವೈರ್ ಕಿತ್ತುಬಂದರೆ, ಔಟ್‌ಪುಟ್ ಮೇಲಕ್ಕೆ ಹೋಗುತ್ತಾ ಕೆಳಕ್ಕೆ ಇಳಿಯುತ್ತಾ? ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರ್ ಚಿಪ್ಪಿಗೆ 3.3 ವೋಲ್ಟ್ ಕೊಡುತ್ತಿದ್ದೀರಿ ಅಂದುಕೊಳ್ಳಿ. ಅದು ತಡೆಯುವುದು 3.6 ವೋಲ್ಟ್ ಮಾತ್ರ. ಒಂದು ಕ್ಷಣ 20 ವೋಲ್ಟ್ ಹೋದರೂ ಚಿಪ್ ಮುಗಿಯಿತು. ಹಾಗಾಗಿ ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಇಟ್ಟುಕೊಂಡೇ ಬರೆದಿದ್ದೇನೆ.

ಒಂದು ಮಾತು ಮೊದಲೇ. 230 ವೋಲ್ಟ್ ಕಡೆಯ ಕೆಲಸದಲ್ಲಿ ಫ್ಯೂಸ್, ಲೋಹದ ಡಬ್ಬಿಗೆ ಅರ್ತ್, ಎಲ್ಲ ಜೋಡಣೆಗೂ ಸ್ಲೀವ್ ಬೇಕೇ ಬೇಕು. ಪ್ಲಗ್ ಕಿತ್ತ ಮೇಲೆಯೇ ಒಳಗೆ ಕೈ ಹಾಕಿ.

ಎಲ್‌ಎಂ317ರ ಲೆಕ್ಕ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೂ ವೋಲ್ಟೇಜ್ ಹೊಂದಿಸಬಲ್ಲ ರೆಗ್ಯುಲೇಟರ್ ಐಸಿ ಎಲ್‌ಎಂ317 ಸಿಗುತ್ತದೆ. 1970ರ ದಶಕದಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿ ಬಾಬ್ ಡಾಬ್ಕಿನ್ ರೂಪಿಸಿದ ಐಸಿ ಇದು. ಇವತ್ತಿಗೂ ಮೊದಲ ಸಪ್ಲೈ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಐಸಿ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಶಾರ್ಟ್ ಆದರೆ ಕರೆಂಟ್ ತಡೆಯುತ್ತದೆ, ಜಾಸ್ತಿ ಬಿಸಿಯಾದರೆ ತಾನೇ ತಗ್ಗುತ್ತದೆ.

ಇದು ಮಾಡುವ ಕೆಲಸ ಒಂದೇ. ಔಟ್ ಕಾಲಿಗೂ ಅಡ್ಜಸ್ಟ್ ಕಾಲಿಗೂ ನಡುವೆ ಸದಾ 1.25 ವೋಲ್ಟ್ ಇರುವ ಹಾಗೆ ನೋಡಿಕೊಳ್ಳುತ್ತದೆ. ಆ ಎರಡು ಕಾಲುಗಳ ನಡುವಿನ ರೆಸಿಸ್ಟರ್ ಆರ್1. ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ ಇರುವುದು ಆರ್2. ಔಟ್‌ಪುಟ್ ಅಂದರೆ 1.25 × (1 + ಆರ್2/ಆರ್1). ಅಡ್ಜಸ್ಟ್ ಕಾಲಿನಿಂದ ಬರುವ ಸುಮಾರು 50 ಮೈಕ್ರೋಆಂಪ್ ಆರ್2ರಲ್ಲಿ ಹರಿದು ಇನ್ನೊಂಚೂರು ಸೇರಿಸುತ್ತದೆ, ಅಷ್ಟೇ.

ಆರ್1ಕ್ಕೆ 240 ಓಮ್ ಹಾಕಿರುವ ಚಿತ್ರಗಳು ಎಲ್ಲೆಡೆ ಕಾಣುತ್ತವೆ. ನೀವು 120 ಓಮ್ ಹಾಕಿ. ಎಲ್‌ಎಂ317ಕ್ಕೆ ನೆಟ್ಟಗೆ ನಿಲ್ಲಲು ಕನಿಷ್ಠ ಲೋಡ್ ಬೇಕು. ಸಾಮಾನ್ಯವಾಗಿ 3.5 ಮಿಲಿಆಂಪ್ ಸಾಕಾದರೂ ಡೇಟಾಶೀಟ್ 10 ಮಿಲಿಆಂಪ್‌ವರೆಗೆ ಬೇಕಾಗಬಹುದು ಎನ್ನುತ್ತದೆ. 120 ಓಮ್‌ನಲ್ಲಿ 10.4 ಮಿಲಿಆಂಪ್ ತಾನಾಗಿ ಹರಿಯುತ್ತದೆ. 240 ಹಾಕಿದರೆ ಅರ್ಧ ಮಾತ್ರ. ಏನೂ ಜೋಡಿಸದೇ ಇದ್ದಾಗ ಔಟ್‌ಪುಟ್ ಸುಮ್ನೆ ಮೇಲೇರುತ್ತಿದೆ ಅಂದರೆ ಬಹಳ ಸಲ ಇದೇ ಕಾರಣ.

ಒಂದೇ ಪಾಟ್

ಅಗ್ಗದ ದಾರಿ ಇದು. ಆರ್2 ಜಾಗಕ್ಕೆ 2ಕೆ (2000 ಓಮ್) ಲೀನಿಯರ್ ಪಾಟ್. ಮೈಮೇಲೆ ಬಿ2ಕೆ ಅಂತ ಬರೆದಿರುವುದನ್ನು ತೆಗೆದುಕೊಳ್ಳಿ. ಎ ಅಕ್ಷರದ್ದು ಆಡಿಯೋ ವಾಲ್ಯೂಮ್‌ಗೆ ಮಾಡಿದ ಲಾಗ್ ಪಾಟ್. ಅದನ್ನು ಹಾಕಿದರೆ ಮೊದಲರ್ಧ ತಿರುಗಿಸಿದರೂ ವೋಲ್ಟೇಜ್ ಅಷ್ಟೇನೂ ಏರುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ.

2ಕೆ ಪಾಟ್, 120 ಓಮ್ ಜೊತೆ 1.25ರಿಂದ ಸುಮಾರು 22 ವೋಲ್ಟ್‌ವರೆಗೆ ಸಿಗುತ್ತದೆ. ಪಾಟ್ ತಿರುಗುವುದು ಸುಮಾರು 270 ಡಿಗ್ರಿ. ಭಾಗಿಸಿ ನೋಡಿ: ಒಂದು ಡಿಗ್ರಿಗೆ 77 ಮಿಲಿವೋಲ್ಟ್. ಬೆರಳು ಸ್ವಲ್ಪ ಅಲುಗಿದರೆ 5.00 ಇದ್ದದ್ದು 5.2 ಆಗುತ್ತದೆ. ಮೋಟಾರ್, ಎಲ್‌ಇಡಿ ಪಟ್ಟಿ, ಫ್ಯಾನ್‌ಗೆ ಇದು ಸಾಕು. 3.3 ವೋಲ್ಟಿನ ಕೆಲಸಕ್ಕೆ ಕಿರಿಕಿರಿ.

ಪಾಟ್‌ಗೆ ಮೂರು ಕಾಲು. ಕೆಲವರು ನಡುವಿನದನ್ನೂ ಒಂದು ತುದಿಯನ್ನೂ ಮಾತ್ರ ಬೆಸೆದು, ಮೂರನೆಯದನ್ನು ಹಾಗೇ ಬಿಡುತ್ತಾರೆ. ಒಳಗೆ ಸರಿಯುವ ಕಾಂಟ್ಯಾಕ್ಟ್ ಧೂಳಿಗೋ ತೇವಕ್ಕೋ ಒಂದು ಕ್ಷಣ ಎದ್ದರೆ ಆರ್2 ಪೂರ್ತಿ ತೆರೆದುಹೋಗುತ್ತದೆ. ಔಟ್‌ಪುಟ್ ಇನ್‌ಪುಟ್ ವೋಲ್ಟೇಜಿನ ಹತ್ತಿರಕ್ಕೇ ಹೋಗುತ್ತದೆ. ಕರಾವಳಿ, ಮಲೆನಾಡಿನ ತೇವದಲ್ಲಿ ಅಗ್ಗದ ಕಾರ್ಬನ್ ಪಾಟ್ ಕರಕರ ಅನ್ನಲು ಜಾಸ್ತಿ ದಿನ ಬೇಕಿಲ್ಲ. ಆದ್ದರಿಂದ ಹೀಗೆ ಜೋಡಿಸಿ: ಶಾಫ್ಟ್ ನಿಮ್ಮ ಕಡೆ, ಕಾಲುಗಳು ಕೆಳಕ್ಕೆ ಇರುವ ಹಾಗೆ ಹಿಡಿದರೆ ಎಡಗಾಲು ಅಡ್ಜಸ್ಟ್‌ಗೆ. ನಡುವಿನದೂ ಬಲಗಾಲೂ ಒಟ್ಟಿಗೆ ಸೇರಿಸಿ ಗ್ರೌಂಡ್‌ಗೆ. ಬಲಕ್ಕೆ ತಿರುಗಿಸಿದರೆ ವೋಲ್ಟೇಜ್ ಏರುತ್ತದೆ. ಕಾಂಟ್ಯಾಕ್ಟ್ ಎದ್ದರೂ 22 ವೋಲ್ಟ್‌ಗೆ ನಿಲ್ಲುತ್ತದೆ. ಇದೂ ಒಳ್ಳೆಯದಲ್ಲ. ಆದರೆ ಮಿತಿ ಅಂತ ಒಂದಿದೆ.

ಅಡ್ಜಸ್ಟ್ ಕಾಲಿನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಕಡಿಮೆ ಮಾಡಲು ಅಂತ ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಉಪಕಾರ ನೋಡಿ. ಪಾಟ್ ತೆರೆದುಕೊಂಡಾಗ ಆ ಕೆಪಾಸಿಟರ್ ತುಂಬುವುದು ಆರ್1ರಲ್ಲಿ ಬರುವ 10.4 ಮಿಲಿಆಂಪ್‌ನಿಂದ ಮಾತ್ರ. ಅಂದರೆ ಔಟ್‌ಪುಟ್ ಏರುವುದು ಒಂದು ಮಿಲಿಸೆಕೆಂಡಿಗೆ ಸುಮಾರು 1 ವೋಲ್ಟ್. ತಿರುಗಿಸುವಾಗ ಮೈಕ್ರೋಸೆಕೆಂಡುಗಳ ಮಟ್ಟಿಗೆ ಆಗುವ ಕಾಂಟ್ಯಾಕ್ಟ್ ಗಲಾಟೆಯನ್ನೆಲ್ಲ ಅದು ನುಂಗಿಬಿಡುತ್ತದೆ. ಕಿತ್ತುಹೋದ ವೈರಿಗೆ ಮಾತ್ರ ಇದು ಮದ್ದಲ್ಲ. ಕೆಪಾಸಿಟರ್ ಹಾಕಿದಿರಿ ಅಂದರೆ ಅಡ್ಜಸ್ಟ್‌ನಿಂದ ಔಟ್‌ಗೆ ಒಂದು 1ಎನ್4002, ಔಟ್‌ನಿಂದ ಇನ್‌ಗೆ ಇನ್ನೊಂದು ಡಯೋಡ್ ಮರೆಯಬೇಡಿ. ಶಾರ್ಟ್ ಆದಾಗ ಕೆಪಾಸಿಟರಿನ ಚಾರ್ಜ್ ಐಸಿಯ ಒಳಗಿಂದ ಹರಿಯದಂತೆ ಅವು ಕಾಯುತ್ತವೆ.

ದಪ್ಪ ಪಾಟ್, ಸಣ್ಣ ಪಾಟ್

ಒಂದೇ ಪಾಟಿನ ಕಿರಿಕಿರಿಗೆ ಅತಿ ಕಡಿಮೆ ಖರ್ಚಿನ ಪರಿಹಾರ, 2ಕೆ ಜೊತೆ ಸರಣಿಯಲ್ಲಿ ಒಂದು 100 ಓಮ್ ಪಾಟ್. 10.4 ಮಿಲಿಆಂಪ್ 100 ಓಮ್‌ನಲ್ಲಿ ಹರಿದರೆ ಸುಮಾರು 1 ವೋಲ್ಟ್. ಆ 1 ವೋಲ್ಟ್ ಪೂರ್ತಿ 270 ಡಿಗ್ರಿಗೆ ಹರಡುತ್ತದೆ, ಡಿಗ್ರಿಗೆ 4 ಮಿಲಿವೋಲ್ಟಿಗಿಂತ ಕಡಿಮೆ. ಸಣ್ಣ ಪಾಟನ್ನು ನಡುವಿಗೆ ಇಟ್ಟು, ದೊಡ್ಡದರಲ್ಲಿ ಹತ್ತಿರ ಬಂದು, ಆಮೇಲೆ ಸಣ್ಣದರಲ್ಲಿ ಕೂರಿಸಿದರೆ ಆಯಿತು.

ಹತ್ತು ಸುತ್ತಿನ ವೈರ್‌ವೌಂಡ್ ಪಾಟ್ ಇದಕ್ಕಿಂತ ಸೊಗಸು. 3600 ಡಿಗ್ರಿ ತಿರುಗುವುದರಿಂದ ಡಿಗ್ರಿಗೆ 6 ಮಿಲಿವೋಲ್ಟ್ ಆಸುಪಾಸು. ತಿರುಗಿಸಲು ನಯ, ಒಂದೇ ನಾಬ್, ಮತ್ತು ಕೈ ತಗುಲಿ ವೋಲ್ಟೇಜ್ ಜಿಗಿಯುವ ಭಯವಿಲ್ಲ. ನನಗೆ ಇದರಲ್ಲಿ ಇಷ್ಟವಾಗುವುದು ಈ ಕೊನೆಯ ಗುಣ. ಟೇಬಲ್ ಮೇಲೆ ತೋಳು ಚಾಚಿದಾಗ ಸಾಮಾನ್ಯ ನಾಬ್ ಕಾಲು ಸುತ್ತು ಹೋದರೆ ಸುಮಾರು 7 ವೋಲ್ಟ್ ಏರುತ್ತದೆ. ಇಲ್ಲಿ ಅರ್ಧ ವೋಲ್ಟ್ ಅಷ್ಟೇ. ಬೆಲೆ ಸಾಮಾನ್ಯ ಪಾಟಿನ ಹಲವು ಪಟ್ಟು. 3.3ರಿಂದ 12ಕ್ಕೆ ಹೋಗಲು ನಾಲ್ಕು ಸುತ್ತಿನ ಮೇಲೆ ತಿರುಗಿಸಬೇಕು. ದಿನಕ್ಕೆ ಹತ್ತಾರು ಬಾರಿ ವೋಲ್ಟೇಜ್ ಬದಲಿಸುವವರಿಗೆ ಅದು ಬೇಸರ ತರಿಸಬಹುದು.

ಇಷ್ಟು ಸೂಕ್ಷ್ಮ ಬೇಕಾ ಅಂತ ನಿಮ್ಮ ಮೀಟರ್ ನೋಡಿ ನಿರ್ಧರಿಸಿ. ಪ್ಯಾನೆಲ್‌ಗೆ ಹಾಕುವ ಮೂರಂಕಿಯ ಅಗ್ಗದ ಮೀಟರ್ 10 ವೋಲ್ಟ್ ದಾಟಿದ ಮೇಲೆ 12.1 ಅಂತಷ್ಟೇ ತೋರಿಸುತ್ತದೆ. ಕಾಣದ ಮಿಲಿವೋಲ್ಟಿಗೆ ದುಡ್ಡು ಕೊಡುವುದು ಯಾಕೆ?

ಅಪಾಯದ ದೃಷ್ಟಿಯಿಂದ ಈ ಮೂರೂ ಒಂದೇ. ಪ್ಯಾನೆಲ್‌ಗೆ ಹೋದ ವೈರ್ ಕಿತ್ತರೆ ವೋಲ್ಟೇಜ್ ಮೇಲಕ್ಕೇ. ಇದಕ್ಕೊಂದು ಸುಲಭ ಉಪಾಯ ಇದೆ: ಬೋರ್ಡಿನ ಮೇಲೆಯೇ ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ ಒಂದು ಫಿಕ್ಸೆಡ್ ರೆಸಿಸ್ಟರ್ ಬೆಸೆದುಬಿಡಿ. ಉದಾಹರಣೆಗೆ 1.2ಕೆ ಬೋರ್ಡಿನಲ್ಲಿ, ಅದಕ್ಕೆ ಸಮಾಂತರವಾಗಿ 5ಕೆ ಪಾಟ್ ಪ್ಯಾನೆಲ್ಲಿನಲ್ಲಿ. ಆಗ 1.25ರಿಂದ 11.4 ವೋಲ್ಟ್‌ವರೆಗೆ ಸಿಗುತ್ತದೆ. ಪಾಟಿನ ವೈರ್ ಪೂರ್ತಿ ಹೋದರೂ ಔಟ್‌ಪುಟ್ 13.8ರಲ್ಲಿ ನಿಲ್ಲುತ್ತದೆ. ತಿರುವು ಸಮವಾಗಿರುವುದಿಲ್ಲ, ನಡುಮಟ್ಟದಲ್ಲೇ 9.7 ಬಂದುಬಿಡುತ್ತದೆ. 12 ವೋಲ್ಟಿನ ಸಾಮಾನು ಮಾತ್ರ ಓಡಿಸುವವರಿಗೆ ಈ ಬೆಲೆ ಕೊಡಬಹುದು. 3.3 ವೋಲ್ಟಿನ ಚಿಪ್ಪಿಗೆ 13.8 ಕೂಡ ಸಾವೇ.

ರೋಟರಿ ಸ್ವಿಚ್: ನನ್ನ ಓಟು ಇದಕ್ಕೆ

ಒಮ್ಮೆ ಯೋಚಿಸಿ, ನಿಮಗೆ ನಿಜವಾಗಿ ಬೇಕಾಗುವ ವೋಲ್ಟೇಜ್ ಎಷ್ಟು? ಬಹುತೇಕರಿಗೆ 3.3, 5, 9, 12. ನಾಲ್ಕೇ. 7.4 ವೋಲ್ಟ್ ಬೇಕಾಗುವುದು ಯಾವಾಗಲೋ ಒಮ್ಮೆ. ಹಾಗಿದ್ದರೆ ನಾಲ್ಕು ನೆಲೆಯ ರೋಟರಿ ಸ್ವಿಚ್ ಹಾಕಿ, ಒಂದೊಂದು ನೆಲೆಗೆ ಒಂದೊಂದು ರೆಸಿಸ್ಟರ್ ಬೆಸೆಯಿರಿ. ಮೀಟರ್ ನೋಡದೆ, ಟಕ್ ಅಂತ ತಿರುಗಿಸಿದರೆ ಬೇಕಾದ ವೋಲ್ಟೇಜ್.

ಆರ್1 120 ಇದ್ದರೆ 3.3ಕ್ಕೆ 200 ಓಮ್, 5ಕ್ಕೆ 360, 9ಕ್ಕೆ 750, 12ಕ್ಕೆ 1ಕೆ ಜೊತೆ 33. ಇದು ಎಲ್ಲರೂ ಮಾಡುವ ರೀತಿ. ಆದರೆ ಸ್ವಿಚ್ ಒಂದು ನೆಲೆಯಿಂದ ಇನ್ನೊಂದಕ್ಕೆ ಹಾರುವಾಗ ನಡುವೆ ಏನಾಗುತ್ತದೆ? ಸಾಮಾನ್ಯವಾಗಿ ಸಿಗುವ ಸ್ವಿಚ್ ಹಳೆಯ ಕಾಂಟ್ಯಾಕ್ಟ್ ಬಿಟ್ಟ ಮೇಲೆಯೇ ಹೊಸದನ್ನು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಆರ್2 ಇಲ್ಲವೇ ಇಲ್ಲ. ಕೈಯಲ್ಲಿ ನಿಧಾನ ತಿರುಗಿಸಿದರೆ ಹತ್ತಾರು ಮಿಲಿಸೆಕೆಂಡ್ ಹಾಗೇ ಇರಬಹುದು. ಮಿಲಿಸೆಕೆಂಡಿಗೆ 1 ವೋಲ್ಟಿನ ಲೆಕ್ಕ ನೆನಪಿಡಿ. 3.3ರಿಂದ 5ಕ್ಕೆ ಹೋಗುವ ದಾರಿಯಲ್ಲಿ 20 ವೋಲ್ಟ್ ದರ್ಶನ ಆಗಿಹೋಗುತ್ತದೆ.

ಬಗೆಹರಿಸಲು ಎರಡು ದಾರಿ. ಒಂದು, ಹೊಸದನ್ನು ಮುಟ್ಟಿದ ಮೇಲೆ ಹಳೆಯದನ್ನು ಬಿಡುವ ಶಾರ್ಟಿಂಗ್ ಜಾತಿಯ ಸ್ವಿಚ್ ಕೇಳಿ ತರುವುದು. ನಡುವೆ ಎರಡು ರೆಸಿಸ್ಟರ್ ಸಮಾಂತರವಾಗಿ, ವೋಲ್ಟೇಜ್ ಕ್ಷಣಕಾಲ ತಗ್ಗುತ್ತದೆ, ಏರುವುದಿಲ್ಲ. ಆದರೆ ಅಂಗಡಿಯಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ, ಕಾಂಟ್ಯಾಕ್ಟ್ ಸವೆದರೆ ಮತ್ತೆ ಅದೇ ಕಥೆ.

ಎರಡನೆಯ ದಾರಿ ನನಗೆ ಬಹಳ ಇಷ್ಟ. ಆರ್2 ಬೋರ್ಡಿನಲ್ಲಿ 1ಕೆ ಫಿಕ್ಸೆಡ್. ಸ್ವಿಚ್ ಬದಲಿಸುವುದು ಆರ್1ನ್ನು. 3.3ಕ್ಕೆ 620 ಓಮ್, 5ಕ್ಕೆ 330, 9ಕ್ಕೆ 160, 12ಕ್ಕೆ 100 ಜೊತೆ 16. ಈಗ ಸ್ವಿಚ್ ತೆರೆದುಕೊಂಡರೆ ಅಡ್ಜಸ್ಟ್ ಕಾಲು 1ಕೆ ಮೂಲಕ ಗ್ರೌಂಡಿಗೆ ಇಳಿಯುತ್ತದೆ. ಔಟ್‌ಪುಟ್ ಸುಮಾರು 1.3 ವೋಲ್ಟಿಗೆ ಬೀಳುತ್ತದೆ. ಸ್ವಿಚ್ ಕೆಟ್ಟರೂ ಕೆಳಕ್ಕೆ, ವೈರ್ ಕಿತ್ತರೂ ಕೆಳಕ್ಕೆ. ಖರ್ಚು ಒಂದು ಪೈಸೆಯೂ ಜಾಸ್ತಿಯಾಗಲಿಲ್ಲ. ರೆಸಿಸ್ಟರ್ ಕೂರಿಸುವ ಜಾಗ ಬದಲಾಯಿತು, ಅಷ್ಟೇ.

ಒಂದು ತಿದ್ದುಪಡಿ ಬೇಕು. ಆರ್1 620 ಆದಾಗ ಅದರಲ್ಲಿ ಹರಿಯುವುದು 2 ಮಿಲಿಆಂಪ್ ಮಾತ್ರ, ಐಸಿಯ ಕನಿಷ್ಠ ಲೋಡಿಗೆ ಸಾಲದು. ಔಟ್‌ಪುಟ್‌ಗೆ ಅಡ್ಡಲಾಗಿ 330 ಓಮ್, 1 ವ್ಯಾಟಿನ ಬ್ಲೀಡರ್ (ಸದಾ ಸ್ವಲ್ಪ ಕರೆಂಟ್ ಎಳೆಯುವ ರೆಸಿಸ್ಟರ್) ಹಾಕಿ. 3.3 ವೋಲ್ಟಿನಲ್ಲಿ 10 ಮಿಲಿಆಂಪ್ ಎಳೆಯುತ್ತದೆ, 12ರಲ್ಲಿ ಅರ್ಧ ವ್ಯಾಟಿಗಿಂತ ಕಡಿಮೆ ಬಿಸಿ.

ಇದೇ ಜಾಗಕ್ಕೆ ಪಾಟ್ ಹಾಕಬಹುದಲ್ವಾ ಅಂತ ಕೇಳಬಹುದು. ಹಾಕಬಹುದು, ಆದರೆ ತಿರುವು ಹಾಳಾಗುತ್ತದೆ. 100 ಓಮ್ ಫಿಕ್ಸೆಡ್ ಜೊತೆ 1ಕೆ ಪಾಟ್ ಇಟ್ಟರೆ 2.4ರಿಂದ 3.3 ವೋಲ್ಟ್‌ವರೆಗೆ ಅರ್ಧ ತಿರುವು, ಉಳಿದರ್ಧದಲ್ಲಿ 13.8ರ ತನಕ. ಮೇಲ್ತುದಿಯಲ್ಲಿ ಕೂದಲೆಳೆ ಅಲುಗಿದರೂ ಜಿಗಿತ. ಈ ಜಾಗ ಸ್ವಿಚ್‌ಗೇ ಸರಿ.

ಮೇಲಿನ ಓಮ್ ಅಂಕಿಗಳನ್ನು ನಂಬಿ ಕಣ್ಣುಮುಚ್ಚಿ ಬೆಸೆಯಬೇಡಿ. 1.25 ವೋಲ್ಟ್ ಎನ್ನುವುದು ಐಸಿಯಿಂದ ಐಸಿಗೆ 1.20ರಿಂದ 1.30ರವರೆಗೆ ಇರಬಹುದು. 5 ವೋಲ್ಟ್ ನೆಲೆಯಲ್ಲಿ ಅದು 4.8ರಿಂದ 5.2 ಆಗುತ್ತದೆ. ಮೊದಲು ನಿಮ್ಮ ಐಸಿಯನ್ನು ಬ್ರೆಡ್‌ಬೋರ್ಡಿನಲ್ಲಿಟ್ಟು ಔಟ್–ಅಡ್ಜಸ್ಟ್ ನಡುವೆ ಮೀಟರ್ ಹಿಡಿಯಿರಿ. ಬಂದ ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿ. ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ತನ್ನಿ. ಪ್ರತಿ ನೆಲೆಗೆ ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಪಾಟ್) ಹಾಕುವವರೂ ಇದ್ದಾರೆ. ಪ್ರೀಸೆಟ್ ಒಳಗೂ ಒಂದು ಸರಿಯುವ ಕಾಂಟ್ಯಾಕ್ಟ್ ಇರುವುದರಿಂದ ನಾನು ಎರಡು ರೆಸಿಸ್ಟರ್ ಸೇರಿಸಿ ಹೊಂದಿಸುವುದನ್ನೇ ಹೇಳುತ್ತೇನೆ.

7805ರ ನೆಲ ಎತ್ತುವುದು

5 ವೋಲ್ಟಿನ ಫಿಕ್ಸೆಡ್ ರೆಗ್ಯುಲೇಟರ್ ಐಸಿ 7805ರ ಗ್ರೌಂಡ್ ಕಾಲಿನ ಕೆಳಗೆ ರೆಸಿಸ್ಟರ್ ಇಟ್ಟು ವೋಲ್ಟೇಜ್ ಏರಿಸುವ ಹಳೆಯ ಉಪಾಯವೂ ಇದೆ. ಆ ಕಾಲಿನಿಂದ ಬರುವ 5 ಮಿಲಿಆಂಪ್ ಆಸುಪಾಸಿನ ಕರೆಂಟ್ ಲೋಡಿನ ಜೊತೆ ಬದಲಾಗುತ್ತದೆ, ವೋಲ್ಟೇಜೂ ಅಲ್ಲಾಡುತ್ತದೆ. 5ಕ್ಕಿಂತ ಕೆಳಗೆ ಬರುವಂತಿಲ್ಲ. ಕೈಯಲ್ಲಿ ಬೇರೇನೂ ಇಲ್ಲದಿದ್ದಾಗ ಸರಿ.

ಸೊನ್ನೆಯಿಂದ ಬೇಕು ಅಂದರೆ

ಎಲ್‌ಎಂ317 1.25ರ ಕೆಳಗೆ ಇಳಿಯಬೇಕಾದರೆ ನೆಗೆಟಿವ್ ವೋಲ್ಟೇಜ್ ಒಂದನ್ನು ಹುಟ್ಟಿಸಬೇಕು. 14 ಕಾಲಿನ ರೆಗ್ಯುಲೇಟರ್ ಐಸಿ ಎಲ್‌ಎಂ723 ಅಂತೂ ಸಾಮಾನ್ಯ ಜೋಡಣೆಯಲ್ಲಿ 2 ವೋಲ್ಟಿನಿಂದ ಶುರು, ಅದರಲ್ಲೂ ಅದರೊಳಗಿನ 7.15 ವೋಲ್ಟಿನ ಸ್ಥಿರ ರೆಫರೆನ್ಸ್‌ಗಿಂತ ಕೆಳಗಿನ ಔಟ್‌ಪುಟ್‌ಗೆ ಒಂದು ಸರ್ಕ್ಯೂಟ್, ಮೇಲಿನದಕ್ಕೆ ಇನ್ನೊಂದು. ಕರೆಂಟ್ ಮಿತಿಯನ್ನು ನಿಮಗೆ ಬೇಕಾದಷ್ಟಕ್ಕೆ ಕೂರಿಸಬಹುದು ಎನ್ನುವುದು ಅದರ ಹೆಚ್ಚುಗಾರಿಕೆ.

ಸರಿಯಾದ ದಾರಿ ಆಪ್-ಆಂಪ್ ಮತ್ತು ಪವರ್ ಟ್ರಾನ್ಸಿಸ್ಟರ್. ಟಿಎಲ್431 ಐಸಿಯಿಂದ 2.5 ವೋಲ್ಟ್ ರೆಫರೆನ್ಸ್, ಅದರ ಮೇಲೆ 10ಕೆ ಪಾಟ್, ನಡುಗಾಲು ಎಲ್‌ಎಂ358 ಆಪ್-ಆಂಪಿನ ಪ್ಲಸ್ ಇನ್‌ಪುಟ್‌ಗೆ, 8 ಪಟ್ಟು ಗೇನ್ (ಹಿಗ್ಗಿಸುವಿಕೆ), ಕೊನೆಗೆ 2ಎನ್3055 ಟ್ರಾನ್ಸಿಸ್ಟರ್. ಸೊನ್ನೆಯಿಂದ 20 ವೋಲ್ಟ್, ತಿರುವು ಪೂರ್ತಿ ಸಮ. ಇಲ್ಲಿ ಪಾಟಿನಲ್ಲಿ ಹೋಗುವುದು ಬರೀ ಸಿಗ್ನಲ್. ಪ್ಲಸ್ ಇನ್‌ಪುಟ್‌ನಿಂದ ಗ್ರೌಂಡ್‌ಗೆ ಒಂದು 100ಕೆ ಹಾಕಿದರೆ ನಡುಗಾಲು ಎದ್ದಾಗ ಔಟ್‌ಪುಟ್ ಸೊನ್ನೆಗೆ ಇಳಿಯುತ್ತದೆ. 1 ಮೆಗಾಓಮ್ ಹಾಕಬೇಡಿ. ಎಲ್‌ಎಂ358ರ ಇನ್‌ಪುಟ್‌ನಿಂದ ಹೊರಕ್ಕೆ ಹರಿಯುವ 45 ನ್ಯಾನೋಆಂಪ್‌ನಷ್ಟು ಕರೆಂಟೇ ಅದರ ಮೇಲೆ 45 ಮಿಲಿವೋಲ್ಟ್ ಹುಟ್ಟಿಸುತ್ತದೆ. 8 ಪಟ್ಟು ಅಂದರೆ 0.36 ವೋಲ್ಟ್. ಪಾಟಿನ ಗ್ರೌಂಡ್ ತುದಿಯ ವೈರ್ ಕಿತ್ತರೆ ಮಾತ್ರ ಇಲ್ಲೂ ಪೂರ್ತಿ ಮೇಲಕ್ಕೆ ಹೋಗುತ್ತದೆ. ಆ ಒಂದು ಬೆಸುಗೆಯನ್ನು ಎರಡು ವೈರ್ ಹಾಕಿ ಗಟ್ಟಿ ಮಾಡಿ.

ಕಷ್ಟ ಏನೆಂದರೆ ಈ ಸರ್ಕ್ಯೂಟಿನ ಔಟ್‌ಪುಟ್ ತಾನಾಗಿಯೇ ವೇಗವಾಗಿ ಏರಿಳಿದು ಕಂಪಿಸತೊಡಗಬಹುದು. ಮಲ್ಟಿಮೀಟರಿನಲ್ಲಿ ಅದು ಕಾಣುವುದಿಲ್ಲ, ಆಸಿಲ್ಲೋಸ್ಕೋಪ್ ಬೇಕು. ಇನ್ನೊಂದು ಎಚ್ಚರ: 24 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಲು ಹೇಳುವ 0–30 ವೋಲ್ಟಿನ ಕೆಲವು ಕಿಟ್‌ಗಳಲ್ಲಿ ಟಿಎಲ್081 ಆಪ್-ಆಂಪ್ ಇರುತ್ತದೆ. ಅದರ ಮಿತಿ ಒಟ್ಟು 36 ವೋಲ್ಟ್. 24 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ 32 ದಾಟುತ್ತದೆ, ನೆಗೆಟಿವ್ ಕಡೆಯ 5 ವೋಲ್ಟ್ ಸೇರಿದರೆ ಮಿತಿ ಮೀರಿತು. ಅಂಥ ಕಿಟ್ ತಂದರೆ ಕಡಿಮೆ ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬಳಸಿ, ಇಲ್ಲವೇ ಆಪ್-ಆಂಪ್ ಬದಲಿಸಿ.

ಮೈಕ್ರೋಕಂಟ್ರೋಲರ್ ಹಾಕಿ, ಅಂಕಿಯನ್ನು ವೋಲ್ಟೇಜ್ ಆಗಿಸುವ ಡ್ಯಾಕ್‌ನಿಂದ ವೋಲ್ಟೇಜ್ ಬದಲಿಸುವುದೂ ಇದೇ ಸರ್ಕ್ಯೂಟಿನ ಮುಂದುವರಿಕೆ. ಪಾಟಿನ ಜಾಗಕ್ಕೆ 12 ಬಿಟ್ಟಿನ ಎಂಸಿಪಿ4725 ಬಂದರೆ 20 ವೋಲ್ಟನ್ನು 4096 ಮೆಟ್ಟಿಲಾಗಿ ಒಡೆಯಬಹುದು. ಆನ್ ಮಾಡಿದ ಕ್ಷಣ ಡ್ಯಾಕ್ ಸೊನ್ನೆಯಲ್ಲಿರಬೇಕು, ಅದನ್ನು ಅದರ ನೆನಪಿನಲ್ಲಿ ಮೊದಲೇ ಬರೆದಿಡಿ. ಡಿಜಿಟಲ್ ಪಾಟ್ ತಂದು ನೇರ ಎಲ್‌ಎಂ317ಕ್ಕೆ ಹಾಕಲು ಹೋಗಬೇಡಿ. ಸಾಮಾನ್ಯವಾಗಿ ಸಿಗುವವು 5 ವೋಲ್ಟಿನ ಆಚೆ ತಡೆಯುವುದಿಲ್ಲ.

ಬಿಸಿಯ ಲೆಕ್ಕ ಬಿಟ್ಟರೆ ಹೋಲಿಕೆ ಪೂರ್ತಿಯಲ್ಲ

ವ್ಯಾಪ್ತಿ ದೊಡ್ಡದಾದಷ್ಟೂ ಬಿಸಿ ಜಾಸ್ತಿ. ಇನ್‌ಪುಟ್ 24 ವೋಲ್ಟ್, ಔಟ್‌ಪುಟ್ 5, ಕರೆಂಟ್ 1 ಆಂಪ್ ಅಂದರೆ 19 ವ್ಯಾಟ್ ಐಸಿಯಲ್ಲೇ ಉರಿಯುತ್ತದೆ. ಟಿಓ-220 ಆಕಾರದ ಎಲ್‌ಎಂ317ರಲ್ಲಿ ಚಿಪ್ಪಿನಿಂದ ಹೊರ ಲೋಹಕ್ಕೆ ಪ್ರತಿ ವ್ಯಾಟಿಗೆ 5 ಡಿಗ್ರಿ ಅಂತ ಹಿಡಿದರೂ 95 ಡಿಗ್ರಿ ಏರಿಕೆ. ಹೊರಗಿನ 30 ಸೇರಿಸಿದರೆ 125. ಹೀಟ್‌ಸಿಂಕ್ ಎಷ್ಟೇ ದೊಡ್ಡದಿರಲಿ, ಮಿತಿ ಅಲ್ಲೇ ಮುಗಿಯಿತು. 12-0-12 ಟ್ರಾನ್ಸ್‌ಫಾರ್ಮರಿದ್ದರೆ ಒಂದು ಟಾಗಲ್ ಸ್ವಿಚ್ ಹಾಕಿ, ಕಡಿಮೆ ವೋಲ್ಟೇಜಿಗೆ ಅದರ ತಂತಿ ಸುರುಳಿಯ ಅರ್ಧ (12-0), ಜಾಸ್ತಿಗೆ ಪೂರ್ತಿ ಸುರುಳಿ ಬಳಸಿ. ಅರ್ಧದಲ್ಲಿ ಇನ್‌ಪುಟ್ 15 ವೋಲ್ಟ್ ಆಸುಪಾಸು, ಅದೇ 5 ವೋಲ್ಟ್ 1 ಆಂಪ್‌ಗೆ ಬಿಸಿ 10 ವ್ಯಾಟ್. ರೋಟರಿ ಸ್ವಿಚ್ಚಿನಲ್ಲಿ 12 ವೋಲ್ಟಿಗೇ ನಿಲ್ಲಿಸಿದವರಿಗೆ 15 ವೋಲ್ಟ್ ಎಸಿಯ ಟ್ರಾನ್ಸ್‌ಫಾರ್ಮರ್ ಸಾಕು, ಈ ಟಾಗಲ್ ಗೋಜೇ ಇಲ್ಲ.

ಹಾಗಾದರೆ ಯಾರಿಗೆ ಯಾವುದು? ಆರ್ಡುಯಿನೋ, ಸೆನ್ಸರ್ ಅಂತ ಕಲಿಯುತ್ತಿರುವ ವಿದ್ಯಾರ್ಥಿಗೆ ಆರ್1 ಬದಲಿಸುವ ರೋಟರಿ ಸ್ವಿಚ್, ಬೇರೆ ಮಾತೇ ಇಲ್ಲ. ರೇಡಿಯೋ, ಆಂಪ್ಲಿಫೈಯರ್ ರಿಪೇರಿಗೆ ನಿಧಾನವಾಗಿ ವೋಲ್ಟೇಜ್ ಏರಿಸಿ ನೋಡಬೇಕಾದವರಿಗೆ ಹತ್ತು ಸುತ್ತಿನ ಪಾಟ್, ಬಜೆಟ್ ಇಲ್ಲದಿದ್ದರೆ 2ಕೆ ಮತ್ತು 100 ಓಮಿನ ಜೋಡಿ. ಆಪ್-ಆಂಪ್ ದಾರಿ ಎರಡನೆಯ ಸಪ್ಲೈಗೆ ಇರಲಿ. ಮೊದಲ ಸಪ್ಲೈ ಇದ್ದರೆ ತಾನೇ ಅದನ್ನು ಕಟ್ಟಿ ಪರೀಕ್ಷಿಸಲು ಆಗುವುದು.

ಯಾವುದನ್ನೇ ಕಟ್ಟಿ, ಲೋಡ್ ಜೋಡಿಸುವ ಮೊದಲು ಈ ಪರೀಕ್ಷೆ ಮಾಡಿ. ಔಟ್‌ಪುಟ್‌ಗೆ ಮೀಟರ್ ಮಾತ್ರ ಇರಲಿ, 5 ವೋಲ್ಟಿಗೆ ಇಡಿ. ಸಪ್ಲೈ ಆಫ್ ಮಾಡಿ, ಪ್ಲಗ್ ಕಿತ್ತು, ಪ್ಯಾನೆಲ್‌ಗೆ ಹೋಗುವ ವೈರ್‌ಗಳಲ್ಲಿ ಒಂದನ್ನು ಬಿಡಿಸಿ ಮತ್ತೆ ಆನ್ ಮಾಡಿ. ಮೀಟರ್ ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ಒಂದೊಂದೇ ವೈರಿಗೆ ಇದನ್ನೇ ಮಾಡಿ. ಎಲ್ಲದಕ್ಕೂ 1.3 ಅಥವಾ ಸೊನ್ನೆ ಬಂದರೆ ಡಬ್ಬಿ ಮುಚ್ಚಬಹುದು. ಯಾವುದಾದರೂ ಒಂದರಲ್ಲಿ ಮೇಲೆ ಹಾರಿದರೆ, ಬಂದ ಅತಿ ದೊಡ್ಡ ಅಂಕಿಯನ್ನು ಔಟ್‌ಪುಟ್ ಟರ್ಮಿನಲ್ ಪಕ್ಕದಲ್ಲಿ ಮಾರ್ಕರ್‌ನಲ್ಲಿ ಬರೆಯಿರಿ. ಅಷ್ಟು ವೋಲ್ಟ್ ತಡೆಯದ ಯಾವುದನ್ನೂ ಆ ಸಪ್ಲೈಗೆ ಜೋಡಿಸಬೇಡಿ.